ಸಮಾಧಾನದ ಕೈ ಕೊಡದೆ ಎರಡು ವರ್ಷ: ನಾನು ಕರ್ತನ ಭೋಜನ ತೆಗೆದುಕೊಳ್ಳಬಹುದೇ?

ಮಲಪ್ರಭೆ ಕಡೆಯವ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ವಂದನೆಗಳು. ಊರು, ಸಭೆಯ (ಚರ್ಚಿನ) ಹೆಸರು ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ. ಉತ್ತರ ಕರ್ನಾಟಕದ ಒಂದು ಸಣ್ಣ ಊರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕಾಲದಿಂದ ಇರುವ ಸಭೆ, ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ). ಎಲ್ಲರಿಗೂ ಎಲ್ಲರೂ ಏನಾದರೂ ಸಂಬಂಧ ಆಗಬೇಕಾದಂಥ ಸಭೆ.

ಎರಡು ವರ್ಷದ ಹಿಂದೆ ಸುಗ್ಗಿ ಹಬ್ಬದ ಹರಾಜು ಆಯಿತು. ಜೋಳದ ಚೀಲ, ಕುಂಬಳಕಾಯಿ, ಕೋಳಿ, ಒಂದು ಹೋತ. ನನ್ನ ದೊಡ್ಡಪ್ಪನ ಮಗ ಟ್ರೆಷರರ್, ನಾನು ಲೆಕ್ಕ ನೋಡುವವನು. ಪುಸ್ತಕದಲ್ಲಿ ಬರೆದ ಹರಾಜಿನ ಮೊತ್ತಕ್ಕೂ ಪೆಟ್ಟಿಗೆಯಲ್ಲಿದ್ದ ಹಣಕ್ಕೂ 6,350 ರೂಪಾಯಿ ವ್ಯತ್ಯಾಸ ಬಂತು. ಅಣ್ಣನಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ನಾನು ಮಾಡಲಿಲ್ಲ. ರಾತ್ರಿ ಹತ್ತೂವರೆಗೆ ಆ ಪುಟದ ಫೋಟೋ ತೆಗೆದು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ "ದೇವರ ದುಡ್ಡು ಎಲ್ಲಿಗೆ ಹೋಯಿತು?" ಎಂದು ಬರೆದೆ. ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಹರಡಿತ್ತು.

ಹಣ ಎಲ್ಲೂ ಹೋಗಿರಲಿಲ್ಲ. ಹೋತ ಹಿಡಿದವರು ಹತ್ತಿ ಮಾರಿದ ಮೇಲೆ ಕೊಡುತ್ತೇವೆ ಅಂದಿದ್ದರು. ಅಣ್ಣ ಅದನ್ನು ಚೀಟಿಯಲ್ಲಿ ಬರೆದು ಡೈರಿಯೊಳಗೆ ಇಟ್ಟುಕೊಂಡಿದ್ದ, ಪುಸ್ತಕಕ್ಕೆ ಏರಿಸಿರಲಿಲ್ಲ. ಹದಿನೈದು ದಿನಕ್ಕೆ ಹಣ ಬಂತು. ಕಮಿಟಿ ಸಭೆಯಲ್ಲಿ ನಾನು "ಲೆಕ್ಕ ಸರಿಹೋಯಿತು" ಅಂದೆ, ಮಿನಿಟ್ಸ್‌ನಲ್ಲಿ ಬರೆದರು. ಗುಂಪಿನಲ್ಲಿ ಮಾತ್ರ ಒಂದಕ್ಷರ ಬರೆಯಲಿಲ್ಲ. ಅಣ್ಣ ಟ್ರೆಷರರ್ ಕೆಲಸ ಬಿಟ್ಟ, ಗುಂಪು ಬಿಟ್ಟ, ನಮ್ಮ ಮನೆಗೆ ಬರುವುದು ಬಿಟ್ಟ. ಅವನ ಮಗನ ಮದುವೆಗೆ ನಮಗೆ ಕರೆಯೋಲೆ ಬರಲಿಲ್ಲ.

ಆರಾಧನೆಯಲ್ಲಿ ಸಮಾಧಾನ ಕೊಡುವ ಹೊತ್ತಿಗೆ (ಒಬ್ಬರಿಗೊಬ್ಬರು ಕೈ ಕೊಟ್ಟು ಶಾಂತಿ ಹಾರೈಸುವ ಹೊತ್ತು) ಅವನು ಹಿಂದಿನ ಬೆಂಚಿನವರ ಕಡೆ ತಿರುಗುತ್ತಾನೆ, ನಾನು ಮುಂದಿನವರ ಕಡೆ. ಹೋದ ತಿಂಗಳು ದೃಢೀಕರಣದ (ಸಭೆಯ ಪೂರ್ಣ ಸದಸ್ಯರಾಗುವ ವಿಧಿಯ) ಪಾಠಕ್ಕೆ ಹೋಗುವ ನನ್ನ ಮಗಳು ಕೇಳಿದಳು, "ಅಪ್ಪಾ, ನೀ ದೊಡ್ಡಪ್ಪಗ ಯಾಕ ಕೈ ಕೊಡಂಗಿಲ್ಲ?" ಅಂತ.

ಆವತ್ತಿನಿಂದ ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆಯಲ್ಲಿ, ರೊಟ್ಟಿ ಬಾಯಲ್ಲಿಟ್ಟರೆ ಒಳಗೆ ಇಳಿಯುವುದಿಲ್ಲ. ಮುಂದಿನ ತಿಂಗಳಿನಿಂದ ಕರ್ತನ ಭೋಜನಕ್ಕೆ ಹೋಗುವುದೇ ಬಿಡಬೇಕೋ? ಹಿರಿಯರೊಬ್ಬರು "ಇಬ್ಬರನ್ನೂ ಕೂಡಿಸಿ ಪ್ರಾರ್ಥನೆ ಮಾಡಿ ಮುಗಿಸೋಣ" ಅನ್ನುತ್ತಿದ್ದಾರೆ. ತಿಳಿದವರು ಹೇಳಿ.

---

ಕರ್ತನ ಸೇವಕ

ಪ್ರಾರ್ಥನೆ ಮಾಡಿ ಬ್ರದರ್. ಕರ್ತನು ಎಲ್ಲವನ್ನೂ ಸರಿಮಾಡುವನು. ಹಳೆಯದನ್ನು ಕೆದಕಬೇಡಿ, ಸೈತಾನನಿಗೆ ಅವಕಾಶ ಕೊಡಬೇಡಿ.

---

ನಿವೃತ್ತ ಸಭಾಪಾಲಕ

ಮೇಲಿನ ಸಹೋದರರ ಮಾತನ್ನು ಒಪ್ಪಲಾರೆ. ಪ್ರಾರ್ಥನೆ ಬೇಕು. ಆದರೆ ಪ್ರಾರ್ಥನೆ ಮಾಡುತ್ತಾ ಕೂತವನನ್ನೇ ಎಬ್ಬಿಸಿ ಕಳಿಸುವ ಮಾತು ಮತ್ತಾಯ 5:23-24ರಲ್ಲಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು ಎಂದು ಕರ್ತನೇ ಹೇಳಿದ್ದಾನೆ. ಆ ಮಾತು ಹೇಳಿದ್ದು ಗಲಿಲಾಯದಲ್ಲಿ, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡೆದು ಹೋಗಲು ದಿನಗಳೇ ಹಿಡಿಯುವ ದಾರಿ. ಕೇಳುತ್ತಿದ್ದ ರೈತರಿಗೆ, ಬೆಸ್ತರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಷ್ಟು ದೂರ ಬಂದವನನ್ನೂ ಹಿಂದಕ್ಕೆ ಕಳಿಸುತ್ತಾನೆ. ನಿಮ್ಮ ಅಣ್ಣನ ಮನೆ ಎಷ್ಟು ದೂರ?

ನೀವು ಸಮಾಧಾನ ಕೊಡುವ ವಿಷಯ ಎತ್ತಿದ್ದರಿಂದ ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಮ್ಮವರಲ್ಲೇ ಬಹಳ ಜನರಿಗೆ ಅದರ ಹಿನ್ನೆಲೆ ಗೊತ್ತಿಲ್ಲ. ಸಿ.ಎಸ್.ಐ. 1950ರಲ್ಲಿ ಕರ್ತನ ಭೋಜನದ ತನ್ನದೇ ಕ್ರಮವನ್ನು ಬಳಕೆಗೆ ತಂದಾಗ, ಪಶ್ಚಿಮದ ಪ್ರೊಟೆಸ್ಟಂಟ್ ಸಭೆಗಳಲ್ಲಿ ಬಿಟ್ಟೇಹೋಗಿದ್ದ ಈ ಪದ್ಧತಿಯನ್ನು ಮತ್ತೆ ಜೋಡಿಸಿತು. ನಮ್ಮ ನೆಲದ, ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಅದು ಮೊದಲಿನಿಂದಲೂ ಉಳಿದುಕೊಂಡಿತ್ತು. ಕೈ ಕೊಡುವ ರೀತಿಯನ್ನೂ ಆ ಕ್ರಮ ಹೇಳುತ್ತದೆ: ಕೊಡುವವನ ಬಲಅಂಗೈ ತೆಗೆದುಕೊಳ್ಳುವವನ ಬಲಅಂಗೈಗೆ ತಾಗಬೇಕು, ಇಬ್ಬರೂ ತಮ್ಮ ಎಡಗೈಯನ್ನು ಇನ್ನೊಬ್ಬನ ಬಲಗೈ ಮೇಲೆ ಮುಚ್ಚಬೇಕು. ನಾಲ್ಕು ಕೈ ಒಂದರೊಳಗೊಂದು. ಆ ಸಮಾಧಾನ ಹೊರಡುವುದು ಕರ್ತನ ಮೇಜಿನಿಂದ. ಅಲ್ಲಿಂದ ಸಭಾಪಾಲಕನ ಕೈಗೆ, ಅವನಿಂದ ಬೆಂಚು ಬೆಂಚಿಗೆ. ನೀವು ಮುಂದಕ್ಕೂ ನಿಮ್ಮ ಅಣ್ಣ ಹಿಂದಕ್ಕೂ ತಿರುಗಿದರೆ ಮೇಜಿನಿಂದ ಹೊರಟದ್ದು ನಿಮ್ಮಿಬ್ಬರ ನಡುವೆ ನಿಂತುಹೋಯಿತು ಎಂದೇ ಅರ್ಥ.

ಅದು ಬರುವ ಜಾಗವನ್ನೂ ಗಮನಿಸಿ. ಸಮಾಧಾನ ಮೊದಲು, ಕಾಣಿಕೆ ಆಮೇಲೆ. ಮತ್ತಾಯ 5ನ್ನೇ ಆರಾಧನೆಯಲ್ಲಿ ನಡೆದು ತೋರಿಸುವ ಹಾಗಿದೆ.

ಇನ್ನು ನಿಮ್ಮ ಪ್ರಶ್ನೆ. ಭೋಜನ ಬಿಡಬೇಕೋ? ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕದಲ್ಲಿ ಇದಕ್ಕೊಂದು ನಿಯಮವಿದೆ. ಇಬ್ಬರ ನಡುವೆ ದ್ವೇಷ ಇದೆಯೆಂದು ಪಾದ್ರಿಗೆ ತಿಳಿದರೆ, ಅವರು ಒಂದಾಗುವ ತನಕ ಭೋಜನಕ್ಕೆ ಸೇರಿಸಬಾರದು. ಆದರೆ ಒಬ್ಬನು ಮನಸಾರೆ ಕ್ಷಮಿಸಿ, ತನ್ನಿಂದಾದ ತಪ್ಪನ್ನು ಸರಿಪಡಿಸಲು ತಯಾರಾಗಿ, ಇನ್ನೊಬ್ಬ ಹಟ ಬಿಡದೆ ಹೋದರೆ, ತಯಾರಾದವನನ್ನು ಸೇರಿಸಬೇಕು, ಹಟ ಹಿಡಿದವನನ್ನಲ್ಲ. ಹೀಗೆ ಯಾರನ್ನಾದರೂ ತಡೆದರೆ ಹದಿನಾಲ್ಕು ದಿನದೊಳಗೆ ಬಿಷಪರಿಗೆ ವರದಿ ಕೊಡಬೇಕು, ಪಾದ್ರಿ ತನ್ನ ಸಿಟ್ಟು ತೀರಿಸಿಕೊಳ್ಳಲು ಅದನ್ನು ಬಳಸಬಾರದೆಂದು. ಇದು ಹಳೆಯ ನಿಯಮ, ಇಂದು ಜಾರಿ ಮಾಡುವವರು ಅಪರೂಪ. ಆದರೂ ಅದರಲ್ಲಿ ವಿವೇಕ ಇದೆ: ಕೇಳುವುದು ನೀವು ತಯಾರಿದ್ದೀರಾ ಅನ್ನುವುದನ್ನು. ಅಣ್ಣ ಒಪ್ಪಿದನೋ ಇಲ್ಲವೋ ನಿಮ್ಮ ಕೈಯಲ್ಲಿಲ್ಲ.

ಭೋಜನ ಬಿಟ್ಟು ಕೂತರೆ ಮನಸ್ಸಿಗೆ ಏನೋ ಪ್ರಾಯಶ್ಚಿತ್ತ ಮಾಡಿದ ಹಾಗೆ ಅನಿಸುತ್ತದೆ, ಹೋಗುವ ಕೆಲಸ ಮಾತ್ರ ಹಾಗೇ ಉಳಿಯುತ್ತದೆ. ಬಿಡಬೇಡಿ. ಮುಂದಿನ ಭೋಜನದ ಭಾನುವಾರದೊಳಗೆ ಹೋಗಿ ಬನ್ನಿ.

---

ಮಲಪ್ರಭೆ ಕಡೆಯವ

ಅಯ್ಯನವರೇ, ನಡೆದರೆ ಎಂಟು ನಿಮಿಷ.

---

ಕರಾವಳಿಯ ಟೀಚರ್

ನಾನು ಮಂಗಳೂರು ಕಡೆಯ ಕಥೋಲಿಕಳು, ಬೇರೆ ಸಭೆಯವಳೆಂದು ಸುಮ್ಮನಿರಲಾಗಲಿಲ್ಲ.

ನಮ್ಮ ಚರ್ಚುಗಳಲ್ಲಿ ವಾಡೊಗೆ (ಚರ್ಚಿನ ಒಂದೊಂದು ಕೇರಿಗೆ) ಒಬ್ಬ ಗುರ್ಕಾರ, ಅಂದರೆ ಮುಖಂಡ, ಇರುತ್ತಾರೆ. ನಮ್ಮ ಮನೆಗೂ ಪಕ್ಕದ ಮನೆಗೂ ಪಾಗಾರದ (ಕಾಂಪೌಂಡ್ ಗೋಡೆಯ) ವಿಷಯಕ್ಕೆ ಮಾತು ನಿಂತು ನಾಲ್ಕು ವರ್ಷ ಆಗಿತ್ತು. ಬಂದವರೆಲ್ಲ "ಕ್ಷಮಿಸಿಬಿಡಿ, ಜಪಸರ ಮಾಡಿ" ಅನ್ನುತ್ತಿದ್ದರು. ಗುರ್ಕಾರರು ಬಂದವರೇ ಅಳತೆಯ ಟೇಪು ತಂದಿದ್ದರು. ಇಬ್ಬರ ದಾಖಲೆಯನ್ನೂ ನೋಡಿ, ಇಬ್ಬರ ಎದುರಿಗೇ ಅಳೆದರು. ನಮ್ಮ ಪಾಗಾರ ಒಂದೂವರೆ ಅಡಿ ಆಚೆ ಹೋಗಿತ್ತು. ಅಪ್ಪ ಮೂರು ದಿನ ಊಟ ಸರಿ ಮಾಡಲಿಲ್ಲ. ನಾಲ್ಕನೇ ದಿನ ಮೇಸ್ತ್ರಿಯನ್ನು ಕರೆಸಿದರು. ಕಲ್ಲು ಹಿಂದಕ್ಕೆ ಬಂದ ಮೇಲೆ ಮಾತು ತಾನಾಗಿಯೇ ಬಂತು.

ನಿಮ್ಮ ಬರಹ ಓದಿದಾಗ ನನಗೆ ಚುಚ್ಚಿದ್ದು "ಗುಂಪಿನಲ್ಲಿ ಒಂದಕ್ಷರ ಬರೆಯಲಿಲ್ಲ" ಅನ್ನುವ ಮಾತು. ನಮ್ಮ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2487ನೇ ಪರಿಚ್ಛೇದ ಹೇಳುವುದು ಇದನ್ನೇ: ನ್ಯಾಯಕ್ಕೂ ಸತ್ಯಕ್ಕೂ ವಿರುದ್ಧ ಮಾಡಿದ ತಪ್ಪಿಗೆ, ಕ್ಷಮೆ ಸಿಕ್ಕಿದ ಮೇಲೂ, ಪರಿಹಾರ ಕೊಡುವ ಹೊಣೆ ಉಳಿದೇ ಇರುತ್ತದೆ. ಒಬ್ಬರ ಮಾನಕ್ಕೆ ಆದ ಹಾನಿಗೂ ಇದು ಅನ್ವಯಿಸುತ್ತದೆ. ಕೋಣೆಯೊಳಗೆ ಪ್ರಾರ್ಥನೆ ಮಾಡಿ ಮುಗಿಸೋಣ ಅನ್ನುವ ಹಿರಿಯರು ಇದನ್ನು ಯೋಚಿಸಲಿ. ಮಾನ ಹೋದದ್ದು ಎಲ್ಲರ ಮೊಬೈಲಿನಲ್ಲಿ, ತಿರುಗಿ ಕೊಡುವುದು ನಾಲ್ಕು ಗೋಡೆಯ ನಡುವೆ ಹೇಗಾಗುತ್ತದೆ? ಯೇಸು ತಾನಾಗಿ ಮನೆಗೆ ಬಂದಾಗ ಸುಂಕದವನಾದ ಜಕ್ಕಾಯನು ಬರಿ ಅತ್ತು ಸುಮ್ಮನಾಗಲಿಲ್ಲ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದು ಎಲ್ಲರೆದುರು ಎದ್ದು ನಿಂತು ಹೇಳಿದ.

---

ಮೈಸೂರಿನ ನರ್ಸ್

ಈ ಚರ್ಚೆ ಓದುತ್ತಾ ಎರಡು ಸಲ ಫೋನ್ ಕೆಳಗಿಟ್ಟೆ.

ಇಲ್ಲಿ ಹೇಳುತ್ತಿರುವುದು ತಪ್ಪು ಮಾಡಿದವರೇ ಒಪ್ಪಿಕೊಂಡು ಬಂದ ಸಂಗತಿ, ಸಂತೋಷ. ಆದರೆ "ಸಮಾಧಾನ" ಎಂಬ ಪದವನ್ನು ನಾನು ಬೇರೆ ರೀತಿ ಕೇಳಿ ಬೆಳೆದವಳು. ಹಲವು ವರ್ಷದ ಹಿಂದೆ ನಾನಿದ್ದ ಒಂದು ಸಭೆಯಲ್ಲಿ ಸಂಡೇ ಸ್ಕೂಲಿನ ಹುಡುಗಿಯೊಬ್ಬಳು ಹಿರಿಯನೊಬ್ಬನ ವಿಷಯ ನನಗೆ ಹೇಳಿದಳು. ನಾನು ಕಮಿಟಿಗೆ ಹೇಳಿದೆ. ಅವರು ಬೈಬಲ್ ತೆಗೆದು ಮತ್ತಾಯ 18 ಓದಿದರು. "ಮೊದಲು ನೀನೊಬ್ಬಳೇ ಹೋಗಿ ಅವರ ಹತ್ತಿರ ಮಾತಾಡಮ್ಮ, ಅದೇ ವಾಕ್ಯದ ಕ್ರಮ" ಅಂದರು. ಆಮೇಲೆ ಸಭೆಯ ಐಕ್ಯ ಕೆಡಿಸುವವಳು ಎಂದು ನನ್ನ ಮೇಲೇ ಬಂತು. ಆ ಮಗುವಿನ ತಾಯಿ ಕೊನೆಗೆ ಪೊಲೀಸ್ ಠಾಣೆಗೆ ಹೋದರು. ಆಕೆಯ ಜೊತೆ ಸಭೆಯಿಂದ ಹೋದವಳು ನಾನೊಬ್ಬಳೇ.

ಇದನ್ನು ಓದುವ ಎಲ್ಲರೂ ತಿಳಿದಿರಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಅದೇ ಅಪರಾಧ. ಸಭಾಪಾಲಕರಿಗೂ ಕಮಿಟಿಗೂ ರಿಯಾಯಿತಿ ಇಲ್ಲ. ಮಕ್ಕಳ ಸಹಾಯವಾಣಿ 1098. ಹೆಂಡತಿಯನ್ನು ಹೊಡೆಯುವ ಗಂಡನ ವಿಷಯದಲ್ಲೂ "ಇಬ್ಬರನ್ನೂ ಕೂಡಿಸಿ ಪ್ರಾರ್ಥನೆ" ಬೇಡ. ಅವಳು ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು.

ಪರಿಶುದ್ಧತೆ ಅಂದರೆ ಬಿಳಿ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂರುವುದು ಎಂದು ನಮಗೆ ಕಲಿಸಿದವರೇ ಆ ಹುಡುಗಿಯನ್ನು ಸುಮ್ಮನಿರಿಸಲು ನೋಡಿದರು. ನನಗೆ ಇವತ್ತಿಗೂ ಸಿಟ್ಟಿದೆ. ಅದನ್ನು ಪಾಪ ಎಂದು ನಾನು ಒಪ್ಪುವುದಿಲ್ಲ.

---

ನಿವೃತ್ತ ಸಭಾಪಾಲಕ

ತಾಯಿ, ಒಪ್ಪಬೇಡಿ. ನೀವು ಮಾಡಿದ್ದೇ ಸರಿ.

ನನ್ನ ವೃತ್ತಿಯವರು ಮಾಡುವ ದೊಡ್ಡ ತಪ್ಪು ಇದು. ಮತ್ತಾಯ 18:15 ಸಹೋದರರಿಬ್ಬರು ಸಮಾನರಾಗಿ ಎದುರುಬದುರು ಕೂತು ಮಾತಾಡಬಲ್ಲ ತಪ್ಪಿನ ಬಗ್ಗೆ. ಅದನ್ನು ಒಂದು ಮಗುವಿನ ಮೇಲೆ ಹೇರುವುದು ವಾಕ್ಯವನ್ನು ತಿರುಚುವುದು. ಅದೇ ಅಧ್ಯಾಯವನ್ನು ಮೇಲಿನಿಂದ ಓದಲಿ. 18:6ರಲ್ಲಿ, ಈ ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದು ಅವನಿಗೆ ಲೇಸು ಎಂದಿದೆ. ಹದಿನೈದನೇ ವಚನ ಓದಿದ ಕಮಿಟಿ ಆರನೆಯದನ್ನು ದಾಟಿ ಹೋಯಿತು.

ಇಬ್ರಿಯರಿಗೆ 12:14ನ್ನು ಇಲ್ಲಿ ನೆನೆಯಬೇಕು. ಎಲ್ಲರೊಂದಿಗೆ ಸಮಾಧಾನವನ್ನೂ ಪರಿಶುದ್ಧತೆಯನ್ನೂ ಬೆನ್ನಟ್ಟಿರಿ ಎನ್ನುತ್ತದೆ. ಗ್ರೀಕ್ ಮೂಲದಲ್ಲಿ ಕ್ರಿಯಾಪದ ಒಂದೇ, ಬೆನ್ನಟ್ಟಬೇಕಾದದ್ದು ಎರಡು. ಪರಿಶುದ್ಧತೆ ಬಿಟ್ಟ ಸಮಾಧಾನ ನಿಮ್ಮ ಆ ಸಭೆಯಲ್ಲಿ ಕಂಡದ್ದು. ಸಮಾಧಾನ ಬಿಟ್ಟ ಪರಿಶುದ್ಧತೆ ಇನ್ನೊಂದು ಬಗೆಯದು, ರಾತ್ರಿ ಹತ್ತೂವರೆಗೆ "ದೇವರ ದುಡ್ಡು" ಎಂದು ಬರೆಯುವಂಥದ್ದು. ಮಲಪ್ರಭೆಯವರು ಬೇಸರ ಮಾಡಿಕೊಳ್ಳಬಾರದು.

---

ಮಲಪ್ರಭೆ ಕಡೆಯವ

ಬೇಸರವಿಲ್ಲ. ಬರೆಯುವಾಗ ನಾನು ದೇವರ ಪರವಾಗಿ ನಿಂತಿದ್ದೇನೆ ಅಂದುಕೊಂಡಿದ್ದೆ. ಅದೇ ನಿಜ.

ನರ್ಸ್ ಅಕ್ಕಾ, ನಮ್ಮ ಸಂಡೇ ಸ್ಕೂಲಿನ ಗೋಡೆಗೆ 1098 ಬರೆಸುತ್ತೇನೆ. ಅದಕ್ಕೆ ಕಮಿಟಿ ಬೇಕಾಗಿಲ್ಲ, ಒಂದು ಡಬ್ಬಿ ಬಣ್ಣ ಸಾಕು.

---

ಬೆಂಗಳೂರು ಯೂತ್

ಸ್ತೋತ್ರ. ನಾನು ಪೆಂತೆಕೋಸ್ತ ಸಭೆಯವನು. ನಮ್ಮದು ಒಂದು ಮನೆಯ ಮೇಲಿನ ಹಾಲಿನಲ್ಲಿ ಶುರುವಾದ ಸಭೆ, ಈಗ ಎರಡಾಗಿದೆ, ಒಂದೇ ರಸ್ತೆಯಲ್ಲಿ. ಪಾಸ್ಟರ್ ಮತ್ತು ಅಸಿಸ್ಟೆಂಟ್ ಪಾಸ್ಟರ್ ನಡುವೆ ಬಂತು. ಭಾನುವಾರ ಎರಡೂ ಕಡೆ ಸೌಂಡ್ ಜೋರು ಇಡುತ್ತಾರೆ. ನನ್ನ ಪ್ರಶ್ನೆ: ಒಟ್ಟಿಗೆ ಇರಲೇಬೇಕಾ? ಅಪೊಸ್ತಲರಾದ ಪೌಲ, ಬಾರ್ನಬ ಕೂಡ ಬೇರೆಯಾದರಲ್ಲ?

---

ನಿವೃತ್ತ ಸಭಾಪಾಲಕ

ಆದರು. ಅಪೊಸ್ತಲರ ಕೃತ್ಯಗಳು 15:39. ಮಾರ್ಕನೆನಿಸಿಕೊಳ್ಳುವ ಯೋಹಾನನನ್ನು ಕರೆದುಕೊಂಡು ಹೋಗುವ ವಿಷಯಕ್ಕೆ. ಆ ಪುಸ್ತಕ ಬರೆದ ಲೂಕನು ಅದನ್ನು ಮುಚ್ಚಿಡಲಿಲ್ಲ ನೋಡಿ. ಆ ತೀಕ್ಷ್ಣ ಜಗಳಕ್ಕೆ ಅವನು ಬಳಸಿದ ಗ್ರೀಕ್ ಪದ 'ಪಾರಾಕ್ಸಿಸ್ಮೊಸ್'. ಹೊಸ ಒಡಂಬಡಿಕೆಯಲ್ಲಿ ಆ ಪದ ಎರಡೇ ಕಡೆ ಬರುತ್ತದೆ. ಇನ್ನೊಂದು ಇಬ್ರಿಯರಿಗೆ 10:24ರಲ್ಲಿ, ಪ್ರೀತಿಗೂ ಸತ್ಕ್ರಿಯೆಗೂ ಒಬ್ಬರನ್ನೊಬ್ಬರು ಕೆರಳಿಸಬೇಕು ಎನ್ನುವಲ್ಲಿ. ಅದೇ ಕಾವು, ಹರಿಯುವ ದಿಕ್ಕು ಬೇರೆ.

ಬೇರೆಯಾದ ಮೇಲೆ ಒಬ್ಬರು ಕುಪ್ರಕ್ಕೆ, ಒಬ್ಬರು ಸಿರಿಯಾ, ಕಿಲಿಕ್ಯಗಳ ಕಡೆಗೆ ಹೋದರು. ಒಂದೇ ರಸ್ತೆಯಲ್ಲಿ ಸ್ಪೀಕರ್ ಇಟ್ಟುಕೊಂಡು ಕೂರಲಿಲ್ಲ. ಮುಂದೆ ಅದೇ ಪೌಲನು ಸೆರೆಯಿಂದ ಬರೆಯುವಾಗ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನ್ನ ಸೇವೆಗೆ ಉಪಯುಕ್ತನು ಎನ್ನುತ್ತಾನೆ (2 ತಿಮೊಥೆಯ 4:11). ಬೇರೆಯಾಗಿಯೂ ಒಬ್ಬರ ಹೆಸರನ್ನು ಒಬ್ಬರು ಕೆಡಿಸದೆ ಇರಬಹುದು.

ಹಾಗೆ ನೋಡಿದರೆ ನಮ್ಮ ಸಿ.ಎಸ್.ಐ. ಹುಟ್ಟಿದ್ದು ಎಲ್ಲರೂ ಒಂದೇ ರೀತಿ ಯೋಚಿಸುತ್ತಿದ್ದರೆಂದಲ್ಲ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುವಾಯಿತು, 1947ರ ಸೆಪ್ಟೆಂಬರ್ 27ರಂದು ಮುಗಿಯಿತು. ಇಪ್ಪತ್ತೆಂಟು ವರ್ಷ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಯವರು ಬಿಷಪ್ ಬೇಕೋ ಬೇಡವೋ, ಹಸ್ತಾರ್ಪಣೆ (ತಲೆಯ ಮೇಲೆ ಕೈಯಿಟ್ಟು ಸೇವೆಗೆ ನೇಮಿಸುವುದು) ಹೇಗೆ ಎಂದು ವಾದಿಸಿದರು, ಎದ್ದು ಹೋದರು, ಮತ್ತೆ ಬಂದು ಕೂತರು. ನೀವು ಎರಡನೇ ಸಲ ಕೂತು ಮಾತಾಡಿದಿರಾ? ಅದನ್ನು ಕೇಳಬೇಕೆನಿಸುತ್ತದೆ.

---

ಬೆಂಗಳೂರು ಯೂತ್

ಇಲ್ಲ ಅಯ್ಯನವರೇ. ಒಂದೇ ಸಲ. ಆವತ್ತೇ ಕುರ್ಚಿಗಳನ್ನು ಹಂಚಿಕೊಂಡೆವು.

---

ಬಯಲುಸೀಮೆಯ ಮೇಷ್ಟ್ರು

ಇಷ್ಟು ಹೊತ್ತು ಓದಿದೆ. ಒಂದು ವಿಷಯ ಯಾರೂ ಮುಟ್ಟಲಿಲ್ಲ, ನಾನೇ ಹೇಳುತ್ತೇನೆ.

ನಮ್ಮ ಸಭೆಗಳ ಜಗಳ ಏನು ಎಂದು ಕೇಳಿದರೆ ಎಲೆಕ್ಷನ್ ಅನ್ನುತ್ತಾರೆ, ಲೆಕ್ಕ ಅನ್ನುತ್ತಾರೆ, ಕಾಯರ್ ಅನ್ನುತ್ತಾರೆ. ಒಂದು ಪದರ ಕೆರೆದರೆ ಕೆಳಗೆ ಬೇರೆ ಇರುತ್ತದೆ. ಯಾರ ತಾತ ಯಾವ ಕೇರಿಯಿಂದ ಬಂದು ದೀಕ್ಷಾಸ್ನಾನ ತೆಗೆದುಕೊಂಡ ಅನ್ನುವುದು ಮೂರು ತಲೆಮಾರಾದರೂ ಮರೆತಿಲ್ಲ. ಪ್ರೀತಿ ಭೋಜನ ಎಂದು ಹೆಸರಿಟ್ಟು ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ನೋಡಿ. ಒಂದು ಮದುವೆಯ ಮಾತು ಮುರಿದದ್ದನ್ನು ನಾನು ಕಣ್ಣಾರೆ ಕಂಡೆ. ಹುಡುಗ, ಹುಡುಗಿ ಒಂದೇ ಕಾಯರಿನವರು, ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿದವರು. "ನಮಗೂ ಅವರಿಗೂ ಆಗೋದಿಲ್ಲ" ಅಂದರು. ಏನು ಆಗೋದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಂದಿಗೆ (ಯೆಹೂದ್ಯರಲ್ಲದವರೊಂದಿಗೆ) ಊಟಕ್ಕೆ ಕೂರುತ್ತಿದ್ದವನು, ಯಾಕೋಬನ ಕಡೆಯ ಯೆಹೂದ್ಯರು ಬಂದೊಡನೆ ಎದ್ದು ಹಿಂದೆ ಸರಿದ. ಪೌಲನು ಅದನ್ನು ಎಲ್ಲರ ಎದುರಿಗೇ ಖಂಡಿಸಿದ (ಗಲಾತ್ಯ 2). ಅಲ್ಲಿ ಪೌಲ ಒಬ್ಬನೇ ಹೋಗಿ ಕಿವಿಯಲ್ಲಿ ಹೇಳಲಿಲ್ಲ. ಪಂಕ್ತಿ ಬಿಟ್ಟದ್ದು ಎಲ್ಲರ ಕಣ್ಣೆದುರು, ಮಾತೂ ಎಲ್ಲರ ಕಣ್ಣೆದುರು.

ಅಪೊಸ್ತಲರ ಕೃತ್ಯಗಳು 6 ನನಗೆ ಇನ್ನೂ ಹತ್ತಿರದ್ದು. ಗ್ರೀಕ್ ಭಾಷೆಯವರ ವಿಧವೆಯರಿಗೆ ದಿನದ ಊಟ ಹಂಚುವಲ್ಲಿ ಕಡಿಮೆಯಾಗುತ್ತಿದೆ ಎಂಬ ಗುಣುಗುಟ್ಟುವಿಕೆ. ಅಪೊಸ್ತಲರು ಗುಣುಗುಟ್ಟಬೇಡಿ ಅನ್ನಲಿಲ್ಲ. ಏಳು ಮಂದಿಯನ್ನು ಆರಿಸಿದರು. ಸ್ತೆಫನನಿಂದ ನಿಕೊಲಾಯನ ತನಕ ಆ ಏಳೂ ಗ್ರೀಕ್ ಹೆಸರುಗಳು. ಅನ್ಯಾಯವಾಗಿದೆ ಅಂದವರ ಕೈಗೇ ಸೌಟು ಕೊಟ್ಟಂತೆ. ಬೆಂಗಳೂರಿನ ಕಥೋಲಿಕರಲ್ಲಿ ಕನ್ನಡ, ತಮಿಳು ಎಂದು ಎಷ್ಟು ವರ್ಷ ಜಗಳ ನಡೆಯಿತು ಎಲ್ಲರಿಗೂ ಗೊತ್ತು. ನಮ್ಮ ಕಮಿಟಿಗಳು ದೂರು ಕೊಟ್ಟವರಿಗೆ ಸೌಟು ಕೊಡುವ ದಿನ ಬಂದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

---

ಕರಾವಳಿಯ ಟೀಚರ್

ಮೇಷ್ಟ್ರೇ, ಮದುವೆಯ ವಿಷಯ ನಮ್ಮಲ್ಲೂ ಹಾಗೇ. ಬರೆದದ್ದಕ್ಕೆ ಥ್ಯಾಂಕ್ಸ್.

---

ಮಲಪ್ರಭೆ ಕಡೆಯವ (ಹನ್ನೊಂದು ದಿನದ ನಂತರ)

ಹೋಗಿ ಬಂದೆ. ಬರೆಯಲು ತಡವಾಯಿತು.

ಶನಿವಾರ ಸಂಜೆ ನಡೆದೇ ಹೋದೆ, ಗಾಡಿ ತೆಗೆಯಲಿಲ್ಲ. ವೈನಿ (ಅಣ್ಣನ ಹೆಂಡತಿ) ಬಾಗಿಲು ತೆಗೆದರು. ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ, ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಿಟ್ಟರು. ಅಣ್ಣ ಹತ್ತಿಯ ಚೀಲಗಳ ಪಕ್ಕ ಮಂಚದ ಮೇಲೆ ಕೂತಿದ್ದ. ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ, ಎಲ್ಲ ಮರೆತುಹೋಯಿತು. "ಅಣ್ಣಾ, ತಪ್ಪಾತು. ರೊಕ್ಕ ನೀ ಮುಟ್ಟಿದ್ದಿಲ್ಲ. ಅದು ನನಗ ಗೊತ್ತಾದ ಮ್ಯಾಲೂ ನಾ ಗ್ರೂಪಿನ್ಯಾಗ ಹೇಳಲಿಲ್ಲ" ಅಂದೆ. "ಆದರ ನೀನೂ ಚೀಟಿ ಬುಕ್ಕಿಗೆ ಏರಿಸಬೇಕಿತ್ತು" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಅದು ನಿಜವೇ, ಆದರೆ ಆ ಹೊತ್ತಿನದಲ್ಲ.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಎರಡು ವರ್ಷ ನಿಮ್ಮ ವೈನಿ ಬಜಾರಕ್ಕ ತಲಿ ತಗ್ಗಿಸಿ ಹೋಗ್ಯಾಳ. ಕಿರಾಣಿ ಅಂಗಡ್ಯಾಗ ಉದ್ರಿ ಕೇಳಿದ್ರ, ಚರ್ಚಿನ ರೊಕ್ಕ ಖಾಲಿ ಆತೇನು ಅಂತ ನಕ್ಕಾರ. ಅದಕೇನ ಮಾಡ್ತಿ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಿರಾಣಿ ಅಂಗಡಿಯ ತನಕ ಹೋಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಟೀಚರ್ ಅವರು ಹೇಳಿದ್ದು ನೆನಪಾಯಿತು. ಭಾನುವಾರ ಪ್ರಕಟಣೆಯ ಹೊತ್ತಿಗೆ ಎದ್ದು ಎಲ್ಲರ ಮುಂದೆ ಹೇಳುತ್ತೇನೆ, ಗುಂಪಿನಲ್ಲೂ ಬರೆಯುತ್ತೇನೆ ಅಂದೆ. ಅವನು "ನಿನ್ನ ಇಷ್ಟ" ಅಂದ. ಅಷ್ಟೇ.

ಭಾನುವಾರ ನಮ್ಮ ಸಭೆಯ ಅಯ್ಯನವರ ಅನುಮತಿ ಕೇಳಿ ಎದ್ದು ನಿಂತೆ. ಚೀಟಿಯಲ್ಲಿ ನಾಲ್ಕೇ ಸಾಲು ಬರೆದುಕೊಂಡಿದ್ದೆ: ಯಾವ ದಿನ ಏನು ಬರೆದೆ, ಅದು ಸುಳ್ಳಾಗಿತ್ತು, ಹಣ ಯಾವ ದಿನ ಜಮೆ ಆಯಿತು, ತಿಳಿದ ಮೇಲೂ ಸುಮ್ಮನಿದ್ದದ್ದು ನನ್ನ ಪಾಪ. ಕಾರಣ ಹೇಳಲಿಲ್ಲ. ಮಧ್ಯಾಹ್ನ ಅದನ್ನೇ ಗುಂಪಿನಲ್ಲಿ, ಹಳೆಯ ಫೋಟೋದ ಕೆಳಗೇ ಬರುವಂತೆ ಹಾಕಿದೆ. ಅಣ್ಣನನ್ನು ಆಡಿಕೊಂಡವರಲ್ಲಿ ಕೆಲವರು ಕೈ ಜೋಡಿಸಿದ ಚಿತ್ರ ಕಳಿಸಿದರು. ಇನ್ನು ಕೆಲವರು ಇವತ್ತಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಸಭೆಯ ಮಾನ ಕಳೆದೆ ಅಂತ.

ಆ ಭಾನುವಾರ ಅಣ್ಣ ಬಂದಿರಲಿಲ್ಲ. ವೈನಿ ಬಂದಿದ್ದರು, ಹೆಂಗಸರ ಕಡೆ ಮೂರನೇ ಬೆಂಚು. ಸಮಾಧಾನ ಕೊಡುವಾಗ ನನ್ನ ಮಗಳು ತನ್ನ ಜಾಗ ಬಿಟ್ಟು ಹೋಗಿ ದೊಡ್ಡಮ್ಮನಿಗೆ ಕೈ ಕೊಟ್ಟಳು. ನೀವು ಬರೆದ ಹಾಗೆಯೇ, ಅಯ್ಯನವರೇ, ಎಡಗೈ ಮುಚ್ಚಿ. ಪಾಠದಲ್ಲಿ ಕಲಿತದ್ದಂತೆ.

ನಾನು ಭೋಜನ ತೆಗೆದುಕೊಂಡೆ.

---

ಬಯಲುಸೀಮೆಯ ಮೇಷ್ಟ್ರು

ದೇವರು ಒಳ್ಳೆಯದು ಮಾಡಲಿ. ಸುಗ್ಗಿ ಹಬ್ಬಕ್ಕೆ ಇನ್ನು ಮುಂದೆ ಏನು ಮಾಡುತ್ತೀರಿ? ಚೀಟಿ ಡೈರಿಯೊಳಗೆ ಉಳಿದರೆ ಇನ್ನೊಬ್ಬರಿಗೆ ಇದೇ ಆಗುತ್ತದೆ.

---

ಮಲಪ್ರಭೆ ಕಡೆಯವ

ಅದನ್ನೇ ಬರೆಯಬೇಕೆಂದಿದ್ದೆ. ಹರಾಜು ಹಿಡಿದ ಕ್ಷಣವೇ ನಂಬರ್ ಹಾಕಿದ ಪಾವತಿ (ರಸೀದಿ), ಒಂದು ಹಿಡಿದವರಿಗೆ, ಒಂದು ಪುಸ್ತಕದಲ್ಲೇ. ಬಾಕಿ ಇದ್ದರೆ ಪಾವತಿಯ ಮೇಲೇ ಬಾಕಿ ಎಂದು ಬರೆದು ಸಹಿ. ಹಣ ಎಣಿಸಲು ಇಬ್ಬರು, ಒಂದೇ ಮನೆತನದವರಾಗಬಾರದು. ಲೆಕ್ಕ ನೋಡುವವನು ಟ್ರೆಷರರ್‌ನ ಸಂಬಂಧಿ ಆಗಬಾರದು, ಹಾಗಾಗಿ ನಾನು ಆ ಕೆಲಸ ಬಿಟ್ಟೆ. ಅನುಮಾನ ಬಂದರೆ ಮೊದಲು ಟ್ರೆಷರರ್ ಜೊತೆ, ಆಮೇಲೆ ಇಬ್ಬರು ಹಿರಿಯರೊಂದಿಗೆ, ಆಮೇಲೆ ಕಮಿಟಿ. ಗುಂಪಿನಲ್ಲಿ ಲೆಕ್ಕದ ಮಾತು ಬೇಡ, ಆದರೆ ವರ್ಷದ ಪೂರ್ತಿ ಲೆಕ್ಕ ನೋಟಿಸ್ ಬೋರ್ಡಿಗೆ. ಕಮಿಟಿ ಒಪ್ಪಿದೆ.

ಮೊನ್ನೆ ಅಣ್ಣನಿಂದ ಫೋನ್ ಬಂತು, ಎರಡು ವರ್ಷದಲ್ಲಿ ಮೊದಲ ಸಲ. ಹೇಗಿದ್ದೀ ಅಂತೇನೂ ಇಲ್ಲ. "ಪಾವತಿ ಪುಸ್ತಕ ಹುಬ್ಬಳ್ಳಿಯಾಗ ಮಾಡ್ಸು, ಇಲ್ಲಿ ಕಾರ್ಬನ್ ಚಲೋ ಹಾಕಂಗಿಲ್ಲ" ಅಂದು ಇಟ್ಟ.

---

ಮೈಸೂರಿನ ನರ್ಸ್

ಅಣ್ಣಾ, ನಿಮ್ಮ ಬರಹ ಓದಿ ಕಣ್ಣೀರು ಬಂತು. ಒಂದು ಕೇಳಲಾ? ಬಜಾರಿನಲ್ಲಿ ತಲೆ ತಗ್ಗಿಸಿ ನಡೆದದ್ದು ನಿಮ್ಮ ವೈನಿ. ನೀರು ತಂದಿಟ್ಟದ್ದು ಅವರು, ಆ ಭಾನುವಾರ ಒಬ್ಬರೇ ಚರ್ಚಿಗೆ ಬಂದದ್ದೂ ಅವರು. ಅವರ ಹತ್ತಿರ ನೀವು ಕ್ಷಮೆ ಕೇಳಿದಿರಾ?

---

ಮಲಪ್ರಭೆ ಕಡೆಯವ

ಇಲ್ಲ. ಅಣ್ಣನ ಹತ್ತಿರ ಮಾತ್ರ ಕೇಳಿದೆ. ವೈನಿ ಬಾಗಿಲ ಬಳಿಯೇ ನಿಂತಿದ್ದರು, ಅವರ ಕಡೆ ತಿರುಗಲೇ ಇಲ್ಲ.

ನಾಳೆ ಹೋಗುತ್ತೇನೆ. ಮನೆಯವಳೂ ಬರುತ್ತೇನೆ ಅಂದಿದ್ದಾಳೆ.